ಟ್ಯಾಂಕಿಗೆ ಸಕ್ಕರೆ ಹಾಕಿದ್ರಾ? ಎಂಜಿನ್ ಬಿಚ್ಚುವ ಮೊದಲು ನೋಡಬೇಕಾದದ್ದು

ದಸರಾ ರಜೆ ಮುಗಿಸಿ ಊರಿಂದ ಬಂದವನು ಹಾಸ್ಟೆಲ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋಗಿದ್ದ ಬೈಕಿನ ಸೆಲ್ಫ್ ಒತ್ತುತ್ತಾನೆ. ಎರಡು ಸಲ ಕೆಮ್ಮಿ ನಿಲ್ಲುತ್ತೆ. ಸುತ್ತ ನಾಲ್ಕು ಜನ ಸೇರುತ್ತಾರೆ. ಒಬ್ಬ ಟ್ಯಾಂಕಿನ ಮುಚ್ಚಳ ತೆಗೆದು, ಬಾಯಂಚಿನಲ್ಲಿ ಬಿಳಿ ಪುಡಿ ಕಂಡು, "ಮಗಾ, ಯಾರೋ ಸಕ್ಕರೆ ಹಾಕಿದಾರೆ ಕಣೋ" ಅಂತಾನೆ. ಐದೇ ನಿಮಿಷದಲ್ಲಿ ಆ "ಯಾರೋ" ಎಂಬುದರ ಜಾಗಕ್ಕೆ ಒಂದು ಹೆಸರು ಬಂದು ಕೂರುತ್ತದೆ. ಸಾಮಾನ್ಯವಾಗಿ ಅದು ಹೋದ ತಿಂಗಳು ಮೆಸ್ಸಿನಲ್ಲಿ ಜಗಳ ಆಡಿದವನ ಹೆಸರು. ಇಂಥ ಸೀನ್ ಯಾವ ಕ್ಯಾಂಪಸ್ಸಿಗೂ ಹೊಸದಲ್ಲ ಬಿಡಿ.

ಆದರೆ ಆ ಗುಂಪಿನಲ್ಲಿ ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ಓದುವವರು ಒಬ್ಬರಾದರೂ ಇದ್ದರೆ ಅವರಿಗೊಂದು ಕೆಲಸ ಇದೆ. ಟ್ಯಾಂಕಿನಲ್ಲಿ ಇರಬಾರದ್ದು ಏನಿದೆ? ಅದು ಒಳಗೆ ಹೇಗೆ ಬಂತು? ಅದರಿಂದ ಎಂಜಿನ್ನಿಗೆ ಏನಾಯ್ತು? ಈ ಮೂರನ್ನೂ ಇದೇ ಕ್ರಮದಲ್ಲಿ ಕೇಳಬೇಕು. "ಯಾರು?" ಅನ್ನೋ ನಾಲ್ಕನೇ ಪ್ರಶ್ನೆ ನಮ್ಮ ಸಿಲಬಸ್ಸಿನಲ್ಲಿ ಇಲ್ಲ. ಮೊದಲ ಮೂರಕ್ಕೆ ಉತ್ತರ ಸಿಗದೆ ಅದನ್ನು ಯಾರೂ ಕೇಳಬಾರದು ಅಂತ ನನ್ನ ಅಭಿಪ್ರಾಯ. ಬೇಕೆಂದೇ ಇನ್ನೊಬ್ಬರ ಆಸ್ತಿ ಹಾಳು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಅಪರಾಧ. ಬಾಯಿಗೆ ಬಂದ ಹೆಸರು ಠಾಣೆವರೆಗೂ ಹೋಗಬಹುದು.

ಸಕ್ಕರೆಯ ಕಥೆ

ಮೊದಲು ಸಕ್ಕರೆಯನ್ನೇ ತೆಗೆದುಕೊಳ್ಳೋಣ. ಸಿನಿಮಾಗಳಲ್ಲಿ ಟ್ಯಾಂಕಿಗೆ ಸಕ್ಕರೆ ಸುರಿದರೆ ಎಂಜಿನ್ ಒಳಗೆ ಪಾಕ ಗಟ್ಟಿಯಾಗಿ ಪಿಸ್ಟನ್ ಸೀಜ್ ಆಗುತ್ತೆ. ಕೆಮಿಸ್ಟ್ರಿ ಇದನ್ನು ಒಪ್ಪುವುದಿಲ್ಲ. ಸುಕ್ರೋಸ್ ಅಣುವಿನಲ್ಲಿ ಎಂಟು ಹೈಡ್ರಾಕ್ಸಿಲ್ ಗುಂಪುಗಳಿವೆ, ಅದಕ್ಕೆ ನೀರು ಎಂದರೆ ಪ್ರಾಣ. ಪೆಟ್ರೋಲು ಹೈಡ್ರೋಕಾರ್ಬನ್‌ಗಳ ಮಿಶ್ರಣ, ಸಕ್ಕರೆಯನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. 1994ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಧಿವಿಜ್ಞಾನ ಪ್ರಾಧ್ಯಾಪಕ ಜಾನ್ ಥಾರ್ನ್‌ಟನ್ ವಿಕಿರಣಶೀಲ ಕಾರ್ಬನ್ ಇರುವ ಸಕ್ಕರೆಯನ್ನು ಪೆಟ್ರೋಲಿಗೆ ಬೆರೆಸಿ, ಕರಗದೆ ಉಳಿದದ್ದನ್ನು ಸೆಂಟ್ರಿಫ್ಯೂಜಿನಲ್ಲಿ ಬೇರ್ಪಡಿಸಿ, ದ್ರವದಲ್ಲಿ ಉಳಿದ ವಿಕಿರಣವನ್ನು ಅಳೆದರು. 15 ಗ್ಯಾಲನ್, ಅಂದರೆ ಸುಮಾರು 57 ಲೀಟರ್ ಪೆಟ್ರೋಲಿನಲ್ಲಿ ಕರಗಿದ್ದು ಒಂದು ಟೀ ಚಮಚಕ್ಕಿಂತ ಕಡಿಮೆ.

ಹಾಗಾದರೆ ಸಕ್ಕರೆಯಿಂದ ಏನೂ ಆಗಲ್ವಾ? ಆಗುತ್ತೆ, ಆದರೆ ಟ್ಯಾಂಕಿನಲ್ಲಿ. ಸಕ್ಕರೆಯ ಸಾಂದ್ರತೆ ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು, ಹಾಗಾಗಿ ಅದು ಮರಳಿನಂತೆ ತಳಕ್ಕೆ ಕೂತು ಫ್ಯುಯೆಲ್ ಪಂಪಿನ ಜಾಲರಿಯನ್ನೂ ಫಿಲ್ಟರನ್ನೂ ಕಟ್ಟಿಬಿಡುತ್ತದೆ. ಇಂಧನ ಸಿಗದೆ ಗಾಡಿ ನಿಲ್ಲುತ್ತದೆ. ಖರ್ಚು ಟ್ಯಾಂಕ್ ತೊಳೆಸುವುದಕ್ಕೆ, ಫಿಲ್ಟರಿಗೆ, ತೀರಾ ಕೆಟ್ಟರೆ ಪಂಪಿಗೆ. ಬೋರ್ ಮಾಡಿಸುವ ಪ್ರಶ್ನೆ ಬರುವುದಿಲ್ಲ. ಯಾರಾದರೂ "ಸಕ್ಕರೆಯಿಂದ ಪಿಸ್ಟನ್ ಹೋಯ್ತು, ಫುಲ್ ಎಂಜಿನ್ ಕೆಲಸ" ಅಂದರೆ ಹಳೆ ಪಿಸ್ಟನ್ ಕೈಗೆ ತೆಗೆದುಕೊಂಡು ಕಾರಣ ಕೇಳಿ.

ಇನ್ನು ಆ ಬಿಳಿ ಪುಡಿ. ನೀರು ಸೇರಿದ ಟ್ಯಾಂಕಿನಲ್ಲಿ, ಕಾರ್ಬೊರೇಟರಿನಲ್ಲಿ, ಮುಚ್ಚಳದ ಸುತ್ತ ಅಲ್ಯೂಮಿನಿಯಂ ಮತ್ತು ಸತು ತುಕ್ಕು ಹಿಡಿದರೂ ಬಿಳಿ ಪುಡಿಯೇ ಬರುತ್ತದೆ. ಒಣಗಿಸಿದ ಒಂದು ಚಿಟಿಕೆಯನ್ನು ಡಿಸ್ಟಿಲ್ಡ್ ವಾಟರಿಗೆ ಹಾಕಿ ಅಲ್ಲಾಡಿಸಿ. ಸಕ್ಕರೆಯಾದರೆ ಪೂರ್ತಿ ಕರಗಬೇಕು, ತುಕ್ಕು ತಳದಲ್ಲಿ ಹಾಗೇ ಉಳಿಯುತ್ತದೆ. ಎರಡು ನಿಮಿಷದ ಈ ಪರೀಕ್ಷೆಗೆ ಅರ್ಧ ಜಗಳ ಮುಗಿಯುತ್ತೆ.

ಮೊದಲು ಸ್ಯಾಂಪಲ್, ಆಮೇಲೆ ಸ್ಪ್ಯಾನರ್

ಅನುಮಾನ ಬಂದ ಕ್ಷಣ ಸೆಲ್ಫ್ ಒತ್ತುವುದನ್ನು ನಿಲ್ಲಿಸಬೇಕು. "ಒಂದ್ಸಲ ನೋಡ್ತೀನಿ ಇರು" ಅಂತ ಇಪ್ಪತ್ತು ಸಲ ಒತ್ತಿದರೆ ಟ್ಯಾಂಕಿನಲ್ಲಿದ್ದ ತೊಂದರೆಯನ್ನು ನಾವೇ ಪಂಪು, ಇಂಜೆಕ್ಟರು, ಸಿಲಿಂಡರಿಗೆ ಸಾಗಿಸಿದ ಹಾಗೆ. ಕೀ ಆನ್ ಮಾಡಿದರೂ ಪಂಪು ಒಂದೆರಡು ಸೆಕೆಂಡ್ ಓಡುತ್ತದೆ ಅನ್ನೋದು ನೆನಪಿರಲಿ.

ಸ್ಯಾಂಪಲ್ ತೆಗೆಯುವುದು ಬಯಲಿನಲ್ಲಿ, ಹಗಲಿನಲ್ಲಿ, ಕೈಪಂಪಿನಿಂದ. ಪೈಪಿಗೆ ಬಾಯಿ ಹಾಕಿ ಎಳೆಯಬೇಡಿ. ಪೆಟ್ರೋಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಅದಕ್ಕೆ ಒಂದು ಗುಟುಕೂ ಬೇಕಿಲ್ಲ. ಮೂರು ಕಡೆಯಿಂದ ತೆಗೆಯಿರಿ: ಟ್ಯಾಂಕಿನ ಮೇಲ್ಭಾಗ, ಟ್ಯಾಂಕಿನ ತಟ್ಟನೆ ತಳ, ಫಿಲ್ಟರಿನ ಒಳಗೆ ಉಳಿದದ್ದು. ಬಾಟಲಿ ಗಾಜಿನದ್ದಾಗಿರಬೇಕು, ಪೂರ್ತಿ ಒಣಗಿರಬೇಕು. ಆಗಷ್ಟೇ ತೊಳೆದ ನೀರಿನ ಬಾಟಲಿ ತಂದರೆ ಅದರೊಳಗಿನ ಹನಿಗಳೇ "ಟ್ಯಾಂಕಿನಲ್ಲಿ ನೀರಿದೆ" ಅಂತ ಸುಳ್ಳು ಸಾಕ್ಷಿ ಹೇಳುತ್ತವೆ. ದಿನಾಂಕ, ಸಮಯ, ಓಡೋಮೀಟರ್ ಅಂಕಿ, ಎಲ್ಲಿಂದ ತೆಗೆದದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಪ್ರತಿಯೊಂದನ್ನೂ ಎರಡು ಪಾಲು ಮಾಡಿ ಒಂದನ್ನು ಮುಟ್ಟದೆ ಸೀಲ್ ಮಾಡಿಡಿ. ಬಾಟಲಿಗಳನ್ನು ಹಾಸ್ಟೆಲ್ ರೂಮಿಗೆ ಒಯ್ಯಬೇಡಿ, ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಕೊಡಿ.

ತಳದ ಪದರ

ಬಾಟಲಿಯನ್ನು ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟು ಬೆಳಕಿಗೆ ಹಿಡಿದರೆ ಬಹುಪಾಲು ಕೇಸುಗಳು ಅಲ್ಲೇ ಅರ್ಥವಾಗುತ್ತವೆ. ಕೆಳಗೆ ಬೇರೆಯೇ ಒಂದು ಪದರ ಕಂಡರೆ ಅದರಲ್ಲಿ ನೀರಿದೆ. ಆದರೆ ಇಲ್ಲಿಯೇ ದೊಡ್ಡದೊಂದು ತಪ್ಪು ಲೆಕ್ಕ ಆಗುತ್ತದೆ, ಸ್ವಲ್ಪ ನಿಧಾನವಾಗಿ ನೋಡೋಣ.

ನಾವೀಗ ಹಾಕಿಸುತ್ತಿರುವುದು ಇ20 ಪೆಟ್ರೋಲು, ಅಂದರೆ ನೂರಕ್ಕೆ 20 ಭಾಗ ಎಥನಾಲ್. ದೇಶದಲ್ಲಿ ಇದರ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥನಾಲಿಗೆ ಪೆಟ್ರೋಲು, ನೀರು ಎರಡರ ಜೊತೆಗೂ ಸ್ನೇಹ. ನೀರು ತೀರಾ ಕಡಿಮೆ ಇದ್ದಾಗ ಎಥನಾಲ್ ಅದನ್ನು ತನ್ನೊಳಗೆ ಹಿಡಿದುಕೊಂಡು ಪೆಟ್ರೋಲಿನಲ್ಲೇ ಇರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಮಿತಿ ದಾಟಿದರೆ ಹಾಲು ಒಡೆದ ಹಾಗೆ ಇಂಧನ ಒಡೆಯುತ್ತದೆ. ಇ10ಕ್ಕೆ 15 ಡಿಗ್ರಿ ಸುಮಾರಿನಲ್ಲಿ ಈ ಮಿತಿ ನೂರಕ್ಕೆ ಅರ್ಧ ಭಾಗದಷ್ಟು. ಇ20 ಅದಕ್ಕಿಂತ ಹೆಚ್ಚು ತಡೆದುಕೊಳ್ಳುತ್ತದೆ. ಚಳಿ ಹೆಚ್ಚಿದಷ್ಟೂ ತಡೆಯುವ ಶಕ್ತಿ ಕಡಿಮೆ, ಹಾಗಾಗಿ ಸಂಜೆ ಚೆನ್ನಾಗಿದ್ದ ಟ್ಯಾಂಕು ಬೆಳಗಿನ ಜಾವಕ್ಕೆ ಒಡೆದಿರಬಹುದು.

ಒಡೆದಾಗ ನೀರು ಒಂಟಿಯಾಗಿ ಕೆಳಗೆ ಇಳಿಯುವುದಿಲ್ಲ, ಎಥನಾಲನ್ನೂ ಎಳೆದುಕೊಂಡು ಇಳಿಯುತ್ತದೆ. 10 ಲೀಟರ್ ಇ20 ಇರುವ ಟ್ಯಾಂಕಿನಲ್ಲಿ 2 ಲೀಟರ್ ಎಥನಾಲ್ ಇದೆ. ಹಾಗಾಗಿ ತಳದಲ್ಲಿ ಕಾಣುವ ಪದರ ಒಳಗೆ ಬಿದ್ದ ನೀರಿಗಿಂತ ಎಷ್ಟೋ ಹೆಚ್ಚಿರುತ್ತದೆ. "ತಳದಲ್ಲಿ ಮುಕ್ಕಾಲು ಲೀಟರ್ ನೀರಿದೆ, ಮಳೆಯಿಂದ ಅಷ್ಟು ಬರೋಕೆ ಸಾಧ್ಯನಾ? ಯಾರೋ ಸುರಿದಿದಾರೆ" ಎಂಬ ವಾದ ನಿಲ್ಲುವುದಿಲ್ಲ. ಪದರ ಮುಕ್ಕಾಲು ಲೀಟರ್ ಇದ್ದರೂ ನೀರು ಅದರ ಒಂದು ಪಾಲು ಮಾತ್ರ.

ಇದನ್ನು ನಂಬದಿದ್ದರೆ ಲ್ಯಾಬಿನಲ್ಲಿ ಮಾಡಿ ನೋಡಿ. 100 ಮಿಲಿ ಅಳತೆಯ ಮುಚ್ಚಳವಿರುವ ಸಿಲಿಂಡರಿಗೆ 50 ಮಿಲಿ ಹೊಸ ಇ20 ಪೆಟ್ರೋಲು, 50 ಮಿಲಿ ನೀರು ಹಾಕಿ, ಅಲ್ಲಾಡಿಸಿ, ಮುಚ್ಚಳ ಸಡಿಲಿಸಿ ಒತ್ತಡ ಬಿಟ್ಟು, ನಿಲ್ಲಲು ಬಿಡಿ. ಕೆಳಗಿನ ಪದರ 50ರಲ್ಲಿ ನಿಲ್ಲದೆ 60ರ ಹತ್ತಿರಕ್ಕೆ ಬಂದಿರುತ್ತದೆ. ಹೆಚ್ಚಾದ ಸುಮಾರು 10 ಮಿಲಿಯೇ ಪೆಟ್ರೋಲಿನಿಂದ ಇಳಿದ ಎಥನಾಲ್: 50ರಲ್ಲಿ 10, ಅಂದರೆ ನೂರಕ್ಕೆ 20. ಇದೇ ಪರೀಕ್ಷೆಯನ್ನು ಟ್ಯಾಂಕಿನ ಮೇಲ್ಭಾಗದ ಸ್ಯಾಂಪಲ್ಲಿಗೂ ಮಾಡಿ. ಅಲ್ಲಿ ಹೆಚ್ಚಳ ಬರೀ 3-4 ಮಿಲಿ ಇದ್ದರೆ ಎಥನಾಲ್ ಆಗಲೇ ಟ್ಯಾಂಕಿನ ತಳಕ್ಕೆ ಇಳಿದಿದೆ ಎಂದಾಯ್ತು. ತಳದ ಪದರದಲ್ಲಿ ನೀರು ಎಷ್ಟು ಎಂಬ ಖಚಿತ ಅಂಕಿ ಬೇಕಿದ್ದರೆ ಕೆಮಿಸ್ಟ್ರಿ ವಿಭಾಗದಲ್ಲಿ ಕಾರ್ಲ್ ಫಿಷರ್ ಟೈಟ್ರೇಶನ್ ಇದೆಯಾ ಕೇಳಿ. ಬಂಕಿನವರು ಬಳಸುವ ನೀರು ಪತ್ತೆ ಪೇಸ್ಟನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ, ಎಥನಾಲ್ ಬೆರೆತ ಪದರಕ್ಕೆ ಅದಕ್ಕೆಂದೇ ಮಾಡಿದ ಪೇಸ್ಟ್ ಬೇಕು.

ಮತ್ತೆ ನೀರು ಬಂದದ್ದೆಲ್ಲಿಂದ? ಬೈಕಾದರೆ ಮೊದಲು ಮುಚ್ಚಳ ನೋಡಿ. ಟ್ಯಾಂಕಿನ ಮೇಲ್ಮೈಗೆ ಸಮನಾಗಿ ಕೂರುವ ಮುಚ್ಚಳಗಳ ಸುತ್ತ ಮಳೆನೀರು ಇಳಿದುಹೋಗಲು ಸಣ್ಣ ತೂತು, ಅದಕ್ಕೊಂದು ಪೈಪು ಇರುತ್ತದೆ. ಆ ತೂತು ಮಣ್ಣಿನಿಂದ ಕಟ್ಟಿದ್ದರೆ ನೀರು ಅಲ್ಲೇ ನಿಂತು, ಹಳೆಯದಾದ ರಬ್ಬರ್ ಸೀಲಿನ ಮೂಲಕ ಹನಿಹನಿಯಾಗಿ ಒಳಗಿಳಿಯುತ್ತದೆ. ಅಲ್ಲಿ ಒಂದು ಲೋಟ ನೀರು ಹಾಕಿ, ಕೆಳಗಿನ ಪೈಪಿನಿಂದ ಬರುತ್ತದೆಯೇ ನೋಡಿ. ಮುಚ್ಚಳದ ಬೀಗ ಮೀಟಿದ ಗುರುತು ಇದೆಯಾ, ಸೀಲು ಹರಿದಿದೆಯಾ, ಅದೇ ದಿನ ಅದೇ ಬಂಕಿನಲ್ಲಿ ಹಾಕಿಸಿದ ಬೇರೆ ಗಾಡಿಗಳಿಗೂ ಹೀಗಾಗಿದೆಯಾ ವಿಚಾರಿಸಿ. ಇವಕ್ಕೆಲ್ಲ ಉತ್ತರ ಸಿಕ್ಕ ಮೇಲೂ ನೀರಿನ ಲೆಕ್ಕ ಹೊಂದದಿದ್ದರೆ ಮಾತ್ರ ಕೈವಾಡದ ಮಾತು.

ಸಕ್ಕರೆಯ ಅನುಮಾನ ಇನ್ನೂ ಹೋಗಿಲ್ಲ ಅಂದರೆ, ಅದು ಇದ್ದರೆ ಈ ತಳದ ಪದರದಲ್ಲೇ ಇರಬೇಕು, ನೀರು ಎಲ್ಲಿದೆಯೋ ಅಲ್ಲಿ. ಆ ಪದರದ ಸ್ವಲ್ಪ ಭಾಗವನ್ನು ಫ್ಯೂಮ್ ಹುಡ್ ಒಳಗೆ, ಬರ್ನರ್ ಇಲ್ಲದೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಆವಿ ಮಾಡಿದರೆ ಅಂಟಂಟು ಉಳಿಯುತ್ತದೆಯೇ ಗೊತ್ತಾಗುತ್ತದೆ. ಉಳಿದರೆ ಪಿಯುಸಿಯ ಬೆನೆಡಿಕ್ಟ್ ಪರೀಕ್ಷೆ. ಒಂದು ಎಚ್ಚರಿಕೆ: ಸುಕ್ರೋಸ್ ಅಪಕರ್ಷಕ ಸಕ್ಕರೆ ಅಲ್ಲ, ನೇರವಾಗಿ ಮಾಡಿದರೆ ಬಣ್ಣ ಬರುವುದಿಲ್ಲ. ಉಳಿದದ್ದನ್ನು ನೀರಿನಲ್ಲಿ ಕರಗಿಸಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಬಿಸಿ ಮಾಡಿ, ತಟಸ್ಥಗೊಳಿಸಿ, ಆಮೇಲೆ ಬೆನೆಡಿಕ್ಟ್ ದ್ರಾವಣ ಹಾಕಿದರೆ ಇಟ್ಟಿಗೆ ಕೆಂಪು. ಪಕ್ಕದಲ್ಲಿ ಸಕ್ಕರೆ ನೀರಿನದ್ದೊಂದು, ಬರೀ ನೀರಿನದ್ದೊಂದು ಟೆಸ್ಟ್ ಟ್ಯೂಬ್ ಇಟ್ಟು ಹೋಲಿಸಿದರೆ ಯಾರೂ ತಕರಾರು ಮಾಡಲಾರರು.

ಪದರ ಕಾಣದಿದ್ದರೆ

ಡೀಸೆಲ್, ಸೀಮೆಎಣ್ಣೆ ಪೆಟ್ರೋಲಿನಲ್ಲಿ ಪೂರ್ತಿ ಬೆರೆಯುತ್ತವೆ, ಬಾಟಲಿ ನೋಡಿ ಏನೂ ತಿಳಿಯದು. ಇಲ್ಲಿ ಹೈಡ್ರೋಮೀಟರ್ ಬೇಕು. ಪೆಟ್ರೋಲಿನ ಸಾಂದ್ರತೆ 15 ಡಿಗ್ರಿಯಲ್ಲಿ ಘನ ಮೀಟರಿಗೆ 720ರಿಂದ 775 ಕೆಜಿ ನಡುವೆ ಇರಬೇಕು ಅನ್ನುತ್ತದೆ ಭಾರತೀಯ ಮಾನಕ. ಈ ಅಂತರವೇ ದೊಡ್ಡದು, ಒಂಟಿ ಅಂಕಿಯಿಂದ ಏನನ್ನೂ ಹೇಳಲಾಗದು. ಬಂಕಿನಲ್ಲಿ ಆ ದಿನದ ಸಾಂದ್ರತೆ ತೋರಿಸಿರುತ್ತಾರೆ, ಅದರ ಜೊತೆ ಹೋಲಿಸಬೇಕು. 3 ಅಂಕಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನ.

ಲೆಕ್ಕ ಹೀಗೆ. ಬಂಕಿನ ಅಂಕಿ 745. ನಿಮ್ಮ ಸ್ಯಾಂಪಲ್ 30 ಡಿಗ್ರಿಯಲ್ಲಿ 751 ತೋರಿಸಿತು. "ಆರೇ ಅಂಕಿ" ಅಂತ ಬಿಡಬೇಡಿ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಪೆಟ್ರೋಲಿನ ಸಾಂದ್ರತೆ ಸುಮಾರು 0.8ರಿಂದ 0.9ರಷ್ಟು ಇಳಿಯುತ್ತದೆ. 15 ಡಿಗ್ರಿಗೆ ತಂದರೆ ನಿಮ್ಮದು ಸುಮಾರು 764, ವ್ಯತ್ಯಾಸ 19. ಬೆರೆತದ್ದು 830ರ ಡೀಸೆಲ್ ಆದರೆ 19ನ್ನು 85ರಿಂದ ಭಾಗಿಸಿ, ಅಂದರೆ ನೂರಕ್ಕೆ 22. 800ರ ಸೀಮೆಎಣ್ಣೆಯಾದರೆ 19ನ್ನು 55ರಿಂದ ಭಾಗಿಸಿ, ನೂರಕ್ಕೆ 35. ಎರಡರಲ್ಲಿ ಯಾವುದು ಎಂದು ಸಾಂದ್ರತೆ ಹೇಳುವುದಿಲ್ಲ, ಬಟ್ಟಿ ಇಳಿಸುವ ಪರೀಕ್ಷೆ ಹೇಳುತ್ತದೆ: ಶುದ್ಧ ಪೆಟ್ರೋಲು 210 ಡಿಗ್ರಿಯೊಳಗೆ ಪೂರ್ತಿ ಆವಿಯಾಗಬೇಕು, ಸೀಮೆಎಣ್ಣೆಯ ಬಾಲ 300ರವರೆಗೆ, ಡೀಸೆಲ್ಲಿನದ್ದು ಅದಕ್ಕೂ ಆಚೆ.

ಈ ಕಲಬೆರಕೆ ಲ್ಯಾಬಿನ ಲೆಕ್ಕ ಮಾತ್ರ ಅಂದುಕೊಂಡರೆ ಎಸ್. ಮಂಜುನಾಥ್ ಅವರನ್ನು ನೆನೆಯಬೇಕು. ಮೈಸೂರಿನ ಎಸ್‌ಜೆಸಿಇಯಲ್ಲಿ ನಮ್ಮ ಹಾಗೇ ಎಂಜಿನಿಯರಿಂಗ್ ಓದಿ, ಲಖನೌ ಐಐಎಂ ಮುಗಿಸಿ, ಇಂಡಿಯನ್ ಆಯಿಲ್ ಸೇರಿದ್ದವರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗ ಜಡಿಸಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ವಯಸ್ಸು 27.

ಡೀಸೆಲ್ ಗಾಡಿಗೆ ಪೆಟ್ರೋಲು ಬಿದ್ದ ಕೇಸು ಬೇರೆಯೇ, ಮತ್ತು ಹೆಚ್ಚು ದುಬಾರಿ. ಕಾಮನ್ ರೈಲ್ ಪಂಪು 1600 ಬಾರಿಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಜಿಡ್ಡು ಕೊಡುವುದು ಡೀಸೆಲ್ಲೇ. ಪೆಟ್ರೋಲು ಸೇರಿದರೆ ಲೋಹ ಲೋಹಕ್ಕೆ ಉಜ್ಜಿ, ಸವೆದ ಚೂರು ರೈಲು, ಇಂಜೆಕ್ಟರುಗಳಿಗೆ ಹರಡುತ್ತದೆ. ಪತ್ತೆಗೆ ನಮ್ಮ ಎನರ್ಜಿ ಲ್ಯಾಬಿನ ಫ್ಲ್ಯಾಶ್ ಪಾಯಿಂಟ್ ಉಪಕರಣ ಸಾಕು. ಒಳ್ಳೆ ಡೀಸೆಲ್ಲಿಗೆ ಅದು ಕನಿಷ್ಠ 35 ಡಿಗ್ರಿ ಇರಬೇಕು, ಸ್ವಲ್ಪ ಪೆಟ್ರೋಲು ಬೆರೆತರೂ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಕುಸಿಯುತ್ತದೆ. ಹಾಗಾಗಿಯೇ ಇದನ್ನು ಮೇಷ್ಟ್ರು ಎದುರಿಗಿಲ್ಲದೆ ಮಾಡಬಾರದು. ಆಮೇಲೆ ಫಿಲ್ಟರ್ ಕತ್ತರಿಸಿ ನೋಡಿ. ಬೆಳ್ಳಿಯ ಪುಡಿಯಂತೆ ಮಿನುಗಿದರೆ ಪಂಪು ತಿನ್ನಲು ಶುರುವಾಗಿದೆ.

ಎಂಜಿನ್ ಹೇಳುವುದು

ಈಗ ಎಂಜಿನ್ನಿಗೆ ಬರೋಣ. ಸ್ಕ್ಯಾನರ್ ಹಾಕಿದ ತಕ್ಷಣ ಕೋಡ್ ಅಳಿಸುವುದು ಗ್ಯಾರೇಜುಗಳ ಅಭ್ಯಾಸ. ಅದಕ್ಕೆ ಮೊದಲು ಫ್ರೀಜ್ ಫ್ರೇಮ್ ಫೋಟೊ ತೆಗೆದುಕೊಳ್ಳಿ. ತೊಂದರೆ ಬಂದ ಕ್ಷಣದ ವೇಗ, ಎಂಜಿನ್ ಬಿಸಿ, ಫ್ಯುಯೆಲ್ ಟ್ರಿಮ್ ಅದರಲ್ಲಿರುತ್ತವೆ. ಪಿ 0300 ಬಂದರೆ ಎಲ್ಲ ಸಿಲಿಂಡರುಗಳಲ್ಲೂ ಎಲ್ಲೆಂದರಲ್ಲಿ ಮಿಸ್ ಹೊಡೆಯುತ್ತಿದೆ, ಇಂಧನದ ಕಡೆ ನೋಡಬಹುದು. ಬರೀ ಪಿ 0302 ಬಂದರೆ ಎರಡನೇ ಸಿಲಿಂಡರಿನದ್ದು ಮಾತ್ರ, ಟ್ಯಾಂಕು ಒಂದೇ ಸಿಲಿಂಡರಿನ ಮೇಲೆ ಹಗೆ ಸಾಧಿಸುವುದಿಲ್ಲವಲ್ಲ, ಪ್ಲಗ್ಗು ಕಾಯಿಲು ನೋಡಿ. ಪಿ 0171 ಎಂದರೆ ಇಂಧನ ಸಾಲುತ್ತಿಲ್ಲ. ಇಲ್ಲೂ ಎಥನಾಲ್ ನೆನಪಿರಲಿ: ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನ ಅನುಪಾತ 14.7, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಇ10ಕ್ಕೆ ಹೊಂದಿಸಿದ ಗಾಡಿಯ ಟ್ರಿಮ್ ಇ20 ಹಾಕಿದಾಗ ನಾಲ್ಕು ಪರ್ಸೆಂಟ್ ಏರುವುದು ಸಹಜ, ಅದು ಕೈವಾಡದ ಗುರುತಲ್ಲ.

ಕಂಪ್ರೆಶನ್ ಕಡಿಮೆ ಬಂದರೂ ಗಾಬರಿ ಬೇಡ. ಉರಿಯದ ಪೆಟ್ರೋಲು ಬೋರಿನ ಗೋಡೆಯ ಆಯಿಲನ್ನು ತೊಳೆದುಬಿಟ್ಟಿದ್ದರೆ ರಿಂಗುಗಳು ಸೀಲ್ ಮಾಡುವುದಿಲ್ಲ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ತೊಂದರೆ ಬೋರು-ರಿಂಗಿನದ್ದು, ಬಹುಶಃ ಬರೀ ತೊಳೆದುಹೋದದ್ದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ. ಡಿಪ್‌ಸ್ಟಿಕ್ ಎಳೆದು ಮೂಸಿ: ಪೆಟ್ರೋಲ್ ವಾಸನೆ ಬಂದು ಮಟ್ಟ ಏರಿದ್ದರೆ ಆಯಿಲ್ ತೆಳುವಾಗಿದೆ, ಬದಲಿಸದೆ ಸ್ಟಾರ್ಟ್ ಮಾಡಿದರೆ ಬೇರಿಂಗುಗಳಿಗೆ ಅಪಾಯ. ಬೋರೋಸ್ಕೋಪಿನಲ್ಲಿ ಪಿಸ್ಟನ್ ತಲೆ ಕರಗಿ ತೂತಾಗಿದ್ದು ಕಂಡರೆ ನಾಕಿಂಗಿನ ಹೊಡೆತ, ಸೀಮೆಎಣ್ಣೆ ಕಲಬೆರಕೆಗೆ ಹೊಂದುತ್ತದೆ. ಬೋರಿನ ಮೇಲೆ ಉದ್ದುದ್ದ ಗೀರುಗಳಿದ್ದು, ಅವುಗಳ ಮೇಲೆ ಹಳೆಯ ಹೊಳಪು ಕೂತಿದ್ದರೆ ಅದು ನಿನ್ನೆಯದಲ್ಲ, ಆಯಿಲ್ ನೋಡದೆ ಓಡಿಸಿದ ಎಷ್ಟೋ ತಿಂಗಳುಗಳದ್ದು. ಟ್ಯಾಂಕಿನಲ್ಲಿ ನೀರು ಸಿಕ್ಕಿತು ಎಂಬ ಕಾರಣಕ್ಕೆ ಆ ಗೀರುಗಳ ಬಿಲ್ಲನ್ನೂ ನೀರಿನ ಲೆಕ್ಕಕ್ಕೆ ಸೇರಿಸಬಾರದು.

ಎಲ್ಲ ಪರೀಕ್ಷೆ ಮಾಡಿಯೂ ಏನೂ ಸಿಗದಿದ್ದರೆ? 2007ರ ಫೆಬ್ರವರಿ-ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಹೀಗೇ ಆಯ್ತು. ರಾಶಿ ರಾಶಿ ಕಾರುಗಳು ಜರ್ಕ್ ಹೊಡೆದು ಶಕ್ತಿ ಕಳೆದುಕೊಂಡವು, ಆಕ್ಸಿಜನ್ ಸೆನ್ಸರುಗಳು ಕೆಟ್ಟವು. ಮಾಮೂಲಿ ಪರೀಕ್ಷೆಗಳಲ್ಲಿ ಪೆಟ್ರೋಲು ಪಾಸಾಗುತ್ತಿತ್ತು. ಕೊನೆಗೆ ಸಿಕ್ಕಿದ್ದು ಸಿಲಿಕಾನ್, ಆ ಮಾಮೂಲಿ ಪಟ್ಟಿಯಲ್ಲಿ ಅದನ್ನು ಹುಡುಕುವ ಪರೀಕ್ಷೆಯೇ ಇರಲಿಲ್ಲ. ಕೆಟ್ಟ ಭಾಗವನ್ನು ಇಟ್ಟುಕೊಂಡು ಹಿಂದಕ್ಕೆ ಯೋಚಿಸಿದರೆ ಏನನ್ನು ಹುಡುಕಬೇಕು ಎಂಬುದೂ ಹೊಳೆಯುತ್ತದೆ: ಸೆನ್ಸರಿನ ತುದಿ ಬೆಳ್ಳಗಾಗಿದ್ದರೆ ಸಿಲಿಕಾನ್ ಮೇಲೆ ಅನುಮಾನ. ಹಾಗಾಗಿ ಬದಲಿಸಿದ ಪ್ಲಗ್ಗು, ಫಿಲ್ಟರು, ಸೆನ್ಸರುಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ.

ರಿಪೋರ್ಟು ಒಂದು ಪುಟ ಸಾಕು, ಆದರೆ ಅದರಲ್ಲಿ ಕಂಡದ್ದು ಬೇರೆ, ಊಹಿಸಿದ್ದು ಬೇರೆ ಇರಲಿ. "ತಳದಲ್ಲಿ 700 ಮಿಲಿ ಪದರ, ಅದರಲ್ಲಿ ನೀರೂ ಎಥನಾಲೂ ಇವೆ, ಸಕ್ಕರೆ ಇಲ್ಲ, ಬಿಳಿ ಪುಡಿ ನೀರಿನಲ್ಲಿ ಕರಗಲಿಲ್ಲ, ಮುಚ್ಚಳದ ಡ್ರೇನ್ ತೂತು ಕಟ್ಟಿದೆ, ಬೀಗದ ಮೇಲೆ ಮೀಟಿದ ಗುರುತಿಲ್ಲ, ಆಯಿಲ್ ಹಾಕಿ ಅಳೆದಾಗ ಕಂಪ್ರೆಶನ್ ಸರಿಯಿದೆ." ಇಷ್ಟು ಬರೆದುಕೊಂಡ ಮೇಲೆ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಒಣಗಿಸಿ, ಫಿಲ್ಟರ್ ಬದಲಿಸಿ, ಹೊಸ ಪೆಟ್ರೋಲು ಹಾಕಿ. ಒಡೆದ ಇಂಧನದ ಮೇಲಿನ ಪದರ ಚೆನ್ನಾಗಿ ಕಾಣುತ್ತದೆ ಅಂತ ಅದನ್ನೇ ಮತ್ತೆ ಸುರಿಯಬೇಡಿ: ಎಥನಾಲ್ ಇಳಿದುಹೋದ ಮೇಲೆ ಅದರ ಆಕ್ಟೇನ್ ಕುಸಿದಿರುತ್ತದೆ, ಎಂಜಿನ್ ನಾಕ್ ಹೊಡೆಯುತ್ತದೆ.